ಕೋವಿಗೂ ಒಂದು ಶ್ರುತಿ

2024ರ ಆಗಸ್ಟ್ 1ರಂದು ಕೊಲ್ಲಾಪುರ ಜಿಲ್ಲೆಯ ಸ್ವಪ್ನಿಲ್ ಕುಸಾಳೆ ಪ್ಯಾರಿಸ್ ಒಲಿಂಪಿಕ್ಸ್‌ನ 50 ಮೀಟರ್ ರೈಫಲ್ ಸ್ಪರ್ಧೆಯಲ್ಲಿ ಕಂಚು ಗೆದ್ದರಲ್ಲ, ಅಂದು ಪುಣೆಯ ನಮ್ಮ ಮನೆಯಲ್ಲೂ ಪೇಡೆ ಹಂಚಿದೆವು. ಅವರು ಅಭ್ಯಾಸ ಮಾಡಿದ ಬಾಲೇವಾಡಿಯ ರೇಂಜಿಗೇ ನನ್ನ ಮಗಳೂ ಹೋಗುತ್ತಾಳೆ. ಕೋವಿಯ ಪೆಟ್ಟಿಗೆ ಹೊರುವುದು, ತೋಟಾಗಳ ಬಿಲ್ಲು ಕಟ್ಟುವುದು ಅಪ್ಪನ ಪಾಲಿನ ಕೆಲಸ. ಆ ಬಿಲ್ಲು ನೋಡಿಯೇ ನನಗೆ ಈ ವಿಷಯದಲ್ಲಿ ಆಸಕ್ತಿ ಹುಟ್ಟಿದ್ದು!

ಕೋವಿಯ ನಳಿಗೆ ಗಟ್ಟಿ ಉಕ್ಕಿನ ಸರಳು, ಅಲುಗಾಡುವುದೆಲ್ಲಿ ಎಂದುಕೊಂಡಿದ್ದೆ. ಆದರೆ ಅದು ಒಂದು ತುದಿಯಲ್ಲಿ ಮಾತ್ರ ಬಿಗಿದ ಸರಳು. ಕುದುರೆ ಎಳೆದು ಮದ್ದು ಸಿಡಿದ ಕೂಡಲೇ ತಂಬೂರಿಯ ತಂತಿಯಂತೆ ಕಂಪಿಸತೊಡಗುತ್ತದೆ. ಗುಂಡು ನಳಿಗೆಯೊಳಗಿರುವುದು ಸುಮಾರು 2ರಿಂದ 3 ಮಿಲಿಸೆಕೆಂಡು. ಅಷ್ಟರಲ್ಲೇ ಅದರ ಬಾಯಿ ಮೇಲೆ ಕೆಳಗೆ ಆಡುತ್ತಿರುತ್ತದೆ.

ಇನ್ನು ತೋಟಾಗಳ ಸಂಗತಿ. ಎಲ್ಲವೂ ಒಂದೇ ವೇಗದಲ್ಲಿ ಗುಂಡನ್ನು ಕಳಿಸುವುದಿಲ್ಲ. ಸೆಕೆಂಡಿಗೆ 330 ಮೀಟರ್ ವೇಗದ ಗುಂಡಿಗಿಂತ 320 ಮೀಟರ್ ವೇಗದ್ದು 50 ಮೀಟರ್ ದೂರದಲ್ಲಿ ಸುಮಾರು 7 ಮಿಲಿಮೀಟರ್ ಕೆಳಗೆ ಬೀಳುತ್ತದೆ. ಹತ್ತು ಅಂಕದ ವೃತ್ತದ ಅಗಲವೇ 10.4 ಮಿಲಿಮೀಟರ್! ಆದರೆ ನಿಧಾನದ ಗುಂಡು ನಳಿಗೆಯಿಂದ ಹೊರಬೀಳುವುದೂ ತುಸು ತಡವಾಗಿ. ಆ ಹೊತ್ತಿಗೆ ಬಾಯಿ ಮೇಲಕ್ಕೆ ಏಳುತ್ತಿದ್ದರೆ ಅದು ತುಸು ಎತ್ತರಕ್ಕೆ ಗುರಿಯಿಟ್ಟು ಹೊರಟು, ಕೊನೆಗೆ ವೇಗದ ಗುಂಡಿನ ಜಾಗದಲ್ಲೇ ಬಂದು ಬೀಳುತ್ತದೆ. ಒಂದು ತಪ್ಪು ಇನ್ನೊಂದನ್ನು ತಿದ್ದಿತು. ನಳಿಗೆ ಕೂದಲೆಳೆಯಷ್ಟು ಬಾಗಿದರೂ ಸಾಕು. ಎನ್‌ಸಿಸಿಯವರಿಗೆ ನೆನಪಿರಬಹುದಾದ ಹಳೆಯ ಲೀ-ಎನ್‌ಫೀಲ್ಡ್ ದೂರದ ಗುರಿಗೆ ಹೆಸರಾದದ್ದು ಈ ಗುಣದಿಂದಲೇ ಎನ್ನುತ್ತಾರೆ ಹಳಬರು.

ಅಮೆರಿಕದ ಹವ್ಯಾಸಿಗಳಲ್ಲಿ ದೊಡ್ಡ ರೈಫಲ್ಲುಗಳ ಖಾಲಿ ತೋಟಾಗಳನ್ನು ಮನೆಯಲ್ಲೇ ಮತ್ತೆ ತುಂಬಿಕೊಳ್ಳುವವರು ಬಹಳ. ಮದ್ದಿನ ತೂಕವನ್ನು ಎಳ್ಳಷ್ಟೆಳ್ಳಷ್ಟೇ ಬದಲಿಸಿ, ತಮ್ಮ ನಳಿಗೆಗೆ ಯಾವುದು ಹೊಂದುತ್ತದೆಂದು ಹುಡುಕುತ್ತಾರೆ. ಮಗಳ .22 ರೈಫಲ್ಲಿಗೆ ಆ ದಾರಿ ಇಲ್ಲ. ಅದರ ತೋಟಾದ ಸಿಡಿಮದ್ದು ಅಂಚಿನ ಮಡಿಕೆಯೊಳಗಿದ್ದು, ಹೊಡೆತಕ್ಕೆ ಆ ಅಂಚೇ ಜಜ್ಜಿಹೋಗುತ್ತದೆ. ಹಾಗಾಗಿ ಕಾರ್ಖಾನೆಯ ಬೇರೆ ಬೇರೆ ಲಾಟ್‌ಗಳನ್ನು ಹೊಡೆದು ನೋಡಿ, ಹೊಂದಿದ ಲಾಟನ್ನು ಒಟ್ಟಿಗೆ ಕೊಳ್ಳುವುದೇ ಪದ್ಧತಿ. ನಳಿಗೆಯ ತುದಿಗೆ ಸಣ್ಣ ತೂಕ ಸಿಕ್ಕಿಸಿ, ತಂಬೂರಿಯ ಮಣಿ ಸರಿಸಿದ ಹಾಗೆ ಹಿಂದೆ ಮುಂದೆ ಸರಿಸುವವರೂ ಇದ್ದಾರೆ.

ಇಲ್ಲೇ ನಾನು ಎಡವಿದ್ದು. ನಾಲ್ಕು ಲಾಟ್‌ಗಳಿಂದ ತಲಾ ಮೂರೇ ಗುಂಡು ಹೊಡೆಸಿದೆ. ಒಂದರ ಮೂರೂ ತೂತು ಒಂದಕ್ಕೊಂದು ಅಂಟಿಕೊಂಡಿದ್ದವು. ಸಿಕ್ಕಿತು ಶ್ರುತಿ ಎಂದು ಒಂದು ವರ್ಷಕ್ಕಾಗುವಷ್ಟು ಕೊಂಡುಬಿಟ್ಟೆ. ಸ್ಪರ್ಧೆಯಲ್ಲಿ ಗುಂಡುಗಳು ಚೆದುರಿದವು. ಮಗಳು ತನ್ನ ಕೈಯನ್ನೇ ಶಪಿಸಿಕೊಂಡು ಎರಡು ತಿಂಗಳು ಸೊರಗಿದಳು. ನಾನೂ "ಇನ್ನಷ್ಟು ಅಭ್ಯಾಸ ಮಾಡು ಪುಟ್ಟಿ" ಎಂದು ಉಪದೇಶ ಮಾಡಿದೆ, ಪುಣ್ಯಾತ್ಮ!

ಆಮೇಲೆ ಲೆಕ್ಕ ಹಾಕಿದೆ. ಅದೇ ಕೋವಿ, ಅದೇ ತೋಟಾ ಇದ್ದರೂ ಮೂರು ಗುಂಡಿನ ಗುಂಪು ಸರಾಸರಿಯಲ್ಲಿ ಹತ್ತು ಗುಂಡಿನ ಗುಂಪಿನ ಮೂರನೇ ಎರಡು ಭಾಗದಷ್ಟೇ ಅಗಲ ಕಾಣುತ್ತದೆ. ಅದೃಷ್ಟವಿದ್ದರೆ ಇನ್ನೂ ಚಿಕ್ಕದು. ನಳಿಗೆಯ ಕಂಪನ ಸುಳ್ಳಲ್ಲ, ನಾನು ಕೇಳಿದ ಶ್ರುತಿ ಸುಳ್ಳು. ಮುಂದಿನ ಸಲ ಕೋವಿಯನ್ನು ಬಿಗಿಹಿಡಿಕೆಗೆ ಕೂರಿಸಿ, ಪ್ರತಿ ಲಾಟ್‌ನಿಂದ ನಲವತ್ತು ಗುಂಡು ಹೊಡೆಸಿದೆವು. ಮೊದಲ ಸಲ ಕೊನೆಯ ಸ್ಥಾನ ಪಡೆದಿದ್ದ ಲಾಟ್ ಗೆದ್ದಿತು. ಬಿಲ್ಲು ಮಾತ್ರ ಕೇಳಬೇಡಿ.

ಹಳೆಯ ತೋಟಾಗಳು ಅಭ್ಯಾಸಕ್ಕೆ ಖರ್ಚಾಗುತ್ತಿವೆ. ಈಗೀಗ ಗುಂಡು ಹತ್ತರ ಆಚೆ ಬಿದ್ದರೆ ಮಗಳು ಕೈ ನೋಡಿಕೊಳ್ಳುವ ಮೊದಲು ನನ್ನ ಮುಖ ನೋಡುತ್ತಾಳೆ.