ಭಯದ ತರ್ಕ



ಸಂಸ್ಕೃತದಲ್ಲಿ 'ಪ್ರಜಾ' ಎಂಬ ಶಬ್ದಕ್ಕೆ ಎರಡು ಅರ್ಥಗಳುಂಟು. ರಾಜ್ಯದ ಜನ ಎಂಬುದು ಒಂದು, ಸಂತಾನ ಎಂಬುದು ಇನ್ನೊಂದು. ಆಳುವವರಿಗೆ ಜನರು ಮಕ್ಕಳ ಸಮಾನರು ಎಂಬ ಭಾವ ಆ ಒಂದೇ ಶಬ್ದದಲ್ಲಿ ಅಡಗಿದೆ. ಸುಖದ ಕಾಲದಲ್ಲಿ ಈ ಭಾವವನ್ನು ಉಳಿಸಿಕೊಳ್ಳುವುದು ಕಠಿಣವಲ್ಲ. ಯುದ್ಧ ಬಂದಾಗಲೇ ಅದಕ್ಕೆ ಪರೀಕ್ಷೆ. ಯುದ್ಧವು ರಣರಂಗದಲ್ಲಿ ಮಾತ್ರ ನಡೆಯುವುದಿಲ್ಲ. ಊರಲ್ಲಿ ಉಳಿದವರ ಅನ್ನ, ದುಡಿಮೆ, ನೆರೆಹೊರೆಗಳಲ್ಲಿಯೂ ನಡೆಯುತ್ತದೆ. ಎರಡನೆಯ ಮಹಾಯುದ್ಧದ ಕಾಲದ ಅಮೆರಿಕದಲ್ಲಿ ನಡೆದ ಸಂಗತಿಯೊಂದನ್ನು ಇಂದು ತಮ್ಮ ಮುಂದಿಡುತ್ತೇವೆ.

1941ರಲ್ಲಿ ಅಲ್ಲಿನ ಕಾರ್ಖಾನೆಗಳು ವಿಮಾನ, ಹಡಗು, ಮದ್ದುಗುಂಡುಗಳ ತಯಾರಿಕೆಯಲ್ಲಿ ತೊಡಗಿದ್ದವು. ದೇಶಕ್ಕೆ ದುಡಿಯುವ ಕೈಗಳು ಬೇಕಾಗಿದ್ದವು. ಆದರೂ ಕಪ್ಪು ಬಣ್ಣದವರಿಗೆ ಎಷ್ಟೋ ಕಾರ್ಖಾನೆಗಳ ಬಾಗಿಲು ಮುಚ್ಚಿತ್ತು. ರೈಲು ಗಾಡಿಗಳಲ್ಲಿ ಸೇವೆ ಮಾಡುವ ಕೆಲಸಗಾರರ ಸಂಘದ ನಾಯಕ ಎ. ಫಿಲಿಪ್ ರಾಂಡಾಲ್ಫ್ ಎಂಬವರು, ಈ ಅನ್ಯಾಯ ನಿಲ್ಲದಿದ್ದರೆ ಸಹಸ್ರಾರು ಜನರೊಡನೆ ರಾಜಧಾನಿಯಲ್ಲಿ ಮೆರವಣಿಗೆ ನಡೆಸುತ್ತೇವೆಂದು ಸಾರಿದರು. ಅದರ ಫಲವಾಗಿ ಜೂನ್ 25ರಂದು ಅಧ್ಯಕ್ಷ ರೂಸ್‌ವೆಲ್ಟರು 8802ನೆಯ ಆಜ್ಞೆಗೆ ಸಹಿ ಮಾಡಿದರು. ರಕ್ಷಣಾ ಕೈಗಾರಿಕೆಗಳಲ್ಲಿಯೂ ಸರಕಾರಿ ಕೆಲಸದಲ್ಲಿಯೂ ಜನಾಂಗ, ಮತ, ಬಣ್ಣ, ಮೂಲದೇಶಗಳನ್ನು ನೋಡಿ ಯಾರನ್ನೂ ದೂರವಿಡಬಾರದು ಎಂಬುದು ಅದರ ಸಾರ. ಅನ್ಯಾಯವೆಲ್ಲ ಅಂದೇ ತೊಲಗಲಿಲ್ಲ, ಬಾಗಿಲು ತೆರೆಯತೊಡಗಿತು.

ಅದೇ ವರ್ಷ ಡಿಸೆಂಬರ್ 7ರಂದು ಜಪಾನು ಹವಾಯಿ ದ್ವೀಪದ ಪರ್ಲ್ ಹಾರ್ಬರಿನ ಮೇಲೆ ದಾಳಿ ಮಾಡಿತು. ದೇಶವನ್ನು ಭಯ ಹೊಕ್ಕಿತು. 1942ರ ಫೆಬ್ರವರಿ 19ರಂದು ಅದೇ ಅಧ್ಯಕ್ಷರ ಕೈ 9066ನೆಯ ಆಜ್ಞೆಗೆ ಸಹಿ ಹಾಕಿತು. ಮೂಲದೇಶವನ್ನು ನೋಡಬಾರದೆಂದು ಬರೆದು ಎಂಟು ತಿಂಗಳೂ ತುಂಬಿರಲಿಲ್ಲ! ಪಶ್ಚಿಮ ಕರಾವಳಿಯಲ್ಲಿದ್ದ ಜಪಾನಿ ಮೂಲದ ಸುಮಾರು 1,20,000 ಜನರು ಮನೆ, ಹೊಲ, ಅಂಗಡಿಗಳನ್ನು ಬಿಟ್ಟು ಮುಳ್ಳುತಂತಿಯ ಶಿಬಿರಗಳನ್ನು ಸೇರಬೇಕಾಯಿತು. ಅವರಲ್ಲಿ ಮೂರರಲ್ಲಿ ಎರಡು ಪಾಲು ಅಮೆರಿಕದ ಪೌರರೇ. ಶಿಬಿರದಲ್ಲಿ ದುಡಿದ ವೈದ್ಯರಿಗೂ ತಿಂಗಳಿಗೆ 19 ಡಾಲರು ಮಾತ್ರ. ಮ್ಯಾಂಜನಾರ್ ಶಿಬಿರದಲ್ಲಿ ಇವರಿಂದಲೇ ಸೈನ್ಯಕ್ಕೆ ಮರೆಮಾಚುವ ಬಲೆಗಳನ್ನು ಹೆಣೆಸಿದರು. ಯಾರನ್ನು ನಂಬಲಾಗದೆಂದು ಕೂಡಿಹಾಕಿದರೋ ಅವರ ಕೈಯ ಬಲೆಯೇ ಸೈನಿಕರ ಪ್ರಾಣಕ್ಕೆ ಮರೆಯಾಗಬೇಕು! ಇದೆಂಥ ವಿಪರ್ಯಾಸ?

ಇದಕ್ಕೆ ಕೊಟ್ಟ ಕಾರಣವನ್ನು ಕೇಳಿರಿ. ಕರಾವಳಿಯ ಸೇನಾಧಿಪತಿ ಡಿವಿಟ್ ಎಂಬವರು, ಈವರೆಗೆ ಇವರಿಂದ ಯಾವ ವಿಧ್ವಂಸವೂ ನಡೆದಿಲ್ಲ, ನಡೆಯದಿರುವುದೇ ಮುಂದೆ ನಡೆಯುವುದೆಂಬುದರ ಸೂಚನೆ ಎಂದು ವಾದಿಸಿದರು. ತರ್ಕಶಾಸ್ತ್ರದ ಮೊದಲ ಪಾಠ ಓದಿದ ಬಾಲಕನೂ ಇದನ್ನು ಒಪ್ಪಲಾರನು. ಹೊಗೆಯನ್ನು ಕಂಡು ಬೆಂಕಿಯಿದೆ ಎಂದು ಊಹಿಸುವುದು ಅನುಮಾನ. ಹೊಗೆ ಕಾಣುತ್ತಿಲ್ಲ, ಆದಕಾರಣ ಬೆಂಕಿಯಿದೆ ಎನ್ನುವುದು ಹೇತ್ವಾಭಾಸ. ಭಯವು ಗುರುಪೀಠದಲ್ಲಿ ಕುಳಿತರೆ ಬಲ್ಲವರ ತರ್ಕವೂ ಹೀಗೆ ತಲೆಕೆಳಗಾಗುತ್ತದೆ.

ಇನ್ನು ಬಾಂಬು ಬಿದ್ದ ಹವಾಯಿಯಲ್ಲಿ ಏನಾಯಿತು? ಅಲ್ಲಿನ ಜನರಲ್ಲಿ ಮೂರನೆಯ ಒಂದು ಪಾಲಿಗಿಂತ ಹೆಚ್ಚು ಮಂದಿ ಜಪಾನಿ ಮೂಲದವರು. ಕೆಲವರನ್ನು ಬಂಧಿಸಿದರಾದರೂ ಸಮುದಾಯವನ್ನೆಲ್ಲ ಹೊರಹಾಕಲಿಲ್ಲ. ಅವರ ದುಡಿಮೆಯಿಲ್ಲದೆ ದ್ವೀಪದ ಬದುಕು ಸಾಗುವಂತಿರಲಿಲ್ಲ. ಅವರು ದುಡಿದರು, ದ್ವೀಪವೂ ಉಳಿಯಿತು. ಅಪಾಯ ಹತ್ತಿರವಿದ್ದಲ್ಲಿ ಸಲ್ಲಿದವರು ಅಪಾಯ ದೂರವಿದ್ದಲ್ಲಿ ಸಲ್ಲದೆ ಹೋದದ್ದೇಕೆ?

1988ರಲ್ಲಿ ಅಮೆರಿಕವು ಕಾನೂನು ಮಾಡಿ ಕ್ಷಮೆ ಯಾಚಿಸಿತು. ಬದುಕಿದ್ದವರಿಗೆ ತಲಾ 20,000 ಡಾಲರು ಕೊಡಲು ಒಪ್ಪಿತು. ಅದು ಮೆಚ್ಚತಕ್ಕ ಮಾತು. ಆದರೆ ಅಷ್ಟರಲ್ಲಿ 46 ವರ್ಷಗಳು ಕಳೆದಿದ್ದವು, ಎಷ್ಟೋ ಹಿರಿಯರು ಕಣ್ಣು ಮುಚ್ಚಿದ್ದರು.

ಇದು ಪರದೇಶದ ಕಥೆಯೆಂದು ನಾವು ಸಮಾಧಾನ ಪಡುವಂತಿಲ್ಲ. 1962ರಲ್ಲಿ ಚೀನಾದೊಡನೆ ಯುದ್ಧವಾದಾಗ ನಮ್ಮ ದೇಶವೂ ಚೀನೀ ಮೂಲದ ಸುಮಾರು ಮೂರು ಸಾವಿರ ಜನರನ್ನು ರಾಜಸ್ಥಾನದ ದೇವಲಿ ಶಿಬಿರದಲ್ಲಿಟ್ಟಿತು. ಅವರಲ್ಲಿ ಅನೇಕರು ಇಲ್ಲಿಯೇ ಹುಟ್ಟಿದವರು. ಕೆಲವರು ವರ್ಷಗಟ್ಟಲೆ ಅಲ್ಲಿಯೇ ಕಳೆದರು.

ತಪ್ಪು ಮಾಡಿದವನನ್ನು ವಿಚಾರಿಸಲಿ, ತಪ್ಪು ಸಿದ್ಧವಾದರೆ ದಂಡಿಸಲಿ. ದೇಶರಕ್ಷಣೆಗೆ ಅದು ಅವಶ್ಯ. ಆದರೆ ಭಯವು ತಮ್ಮ ಓಣಿಗೆ ಬಂದು ನೆರೆಯವನ ಕಡೆಗೆ ಬೆರಳು ತೋರಿದ ದಿನ, 'ಇವನು ಯಾರ ಮಗ' ಎಂದು ಕೇಳಬೇಡಿರಿ. 'ಇವನು ಮಾಡಿದ್ದೇನು' ಎಂದು ಕೇಳಿರಿ. ಉತ್ತರ ಸಿಗದಿದ್ದರೆ ಅವನ ಬಾಗಿಲಲ್ಲಿ ಹೋಗಿ ನಿಲ್ಲಿರಿ. ಹಾಗೆ ನಿಲ್ಲುವ ಧೈರ್ಯ ಸರ್ವರಿಗೂ ಬರಲಿ, ಸರ್ವರಿಗೂ ಮಂಗಳವಾಗಲಿ ಎಂದು ಹಾರೈಸಿ ನಮ್ಮ ಮಾತನ್ನು ಮುಗಿಸುತ್ತೇವೆ.