ಕೂರುವ ಮೊದಲು ಹತ್ತಬೇಕಲ್ಲ

ಬೇಟೆಗೆ ಮರ ಹತ್ತುವುದೆಂದರೆ ನಮಗೆ ನೆನಪಾಗುವುದು ಅಟ್ಟಣೆ. ರಾಜರೂ ದೊರೆಗಳೂ ಹುಲಿಗೆ ಕಾದು ಕೂರುತ್ತಿದ್ದ ಅಟ್ಟಣೆ ಕಟ್ಟಲು ಆಳುಗಳಿದ್ದರು, ಏಣಿ ಹಿಡಿಯಲು ಜನರಿದ್ದರು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದು ಭಾರತದಲ್ಲಿ ಆ ಅಧ್ಯಾಯ ಮುಗಿಯಿತು. ಅಮೆರಿಕದಲ್ಲಿ ಕಥೆ ಬೇರೆ ದಾರಿ ಹಿಡಿಯಿತು. 1900ರ ಹೊತ್ತಿಗೆ ಅಲ್ಲಿನ ಬಿಳಿಬಾಲದ ಜಿಂಕೆಗಳು ಸುಮಾರು 5 ಲಕ್ಷಕ್ಕೆ ಇಳಿದಿದ್ದವು. ಬೇಟೆಗೆ ಕಟ್ಟುಪಾಡು ಬಂತು, 1937ರ ಪಿಟ್‌ಮನ್–ರಾಬರ್ಟ್‌ಸನ್ ಕಾಯ್ದೆ ಬಂದೂಕು–ಗುಂಡುಗಳ ಮೇಲಿನ ತೆರಿಗೆಯನ್ನು ವನ್ಯಜೀವಿಗಳ ಪಾಲನೆಗೆ ತಿರುಗಿಸಿತು. ಇಂದು ಅವುಗಳ ಸಂಖ್ಯೆ ಕೋಟಿಗಳಲ್ಲಿದೆ. ಈ ನಡುವೆ, 1934ರಲ್ಲಿ, ವಿಸ್ಕಾನ್ಸಿನ್ ರಾಜ್ಯ ಬಿಲ್ಲುಬೇಟೆಗೆಂದೇ ಋತುವೊಂದನ್ನು ಗೊತ್ತುಮಾಡಿತು. ಬಾಣಕ್ಕೆ ಜಿಂಕೆ ತೀರಾ ಹತ್ತಿರ ಬರಬೇಕು. ನೆಲದಲ್ಲಿ ನಿಂತವನ ವಾಸನೆ, ಅಲುಗಾಟ ಅದಕ್ಕೆ ಬೇಗ ತಿಳಿದುಬಿಡುತ್ತದೆ. ಹಾಗಾಗಿ ಒಂಟಿ ಬೇಟೆಗಾರ ಮರ ಹತ್ತತೊಡಗಿದ. ಹಲವು ಸಾರ್ವಜನಿಕ ಕಾಡುಗಳಲ್ಲಿ ಮರಕ್ಕೆ ಮೊಳೆ ಹೊಡೆಯುವಂತಿಲ್ಲ. ಬೆನ್ನ ಮೇಲೆ ಹೊತ್ತೊಯ್ಯುವ ಸಲಕರಣೆ ಅವನಿಗೆ ಅನಿವಾರ್ಯವಾಯಿತು.

ಅಂಥ ಸಲಕರಣೆಗಳಲ್ಲಿ ಒಂದು ಎರಡು ತುಂಡಿನ ಹತ್ತುಪೀಠ. ಮೇಲಿನ ತುಂಡಿನ ಮೇಲೆ ಭಾರ ಹಾಕಿ, ಕೆಳಗಿನದನ್ನು ಕಾಲಿನಿಂದ ಎತ್ತಿ, ಅದರ ಮೇಲೆ ನಿಂತು ಮೇಲಿನದನ್ನು ಸರಿಸುತ್ತ ಏರಬೇಕು. ಪೀಠ ತೊಗಟೆಯನ್ನು ಕಚ್ಚಿ ಹಿಡಿಯುವುದು ಬೇಟೆಗಾರನ ಭಾರದಿಂದಲೇ. ಕಾಲು ತೆಗೆದ ಕ್ಷಣ ಕೆಳತುಂಡು ಜಾರಬಹುದು, ಅದಕ್ಕೇ ಎರಡನ್ನೂ ಹಗ್ಗದಿಂದ ಕಟ್ಟಿರುತ್ತಾರೆ. ಕೊಂಬೆಯಿಲ್ಲದ ನೇರ ಕಾಂಡ ಸಿಕ್ಕದಿದ್ದರೆ ಇದು ನಿರುಪಯುಕ್ತ. ಮರಕ್ಕೆ ಪಟ್ಟಿಯಿಂದ ಬಿಗಿಯುವ ಮೆಟ್ಟಿಲುಕೋಲುಗಳೂ ಬಂದವು, ಹಗ್ಗದಿಂದ ಮರಕ್ಕೆ ಜೋತು ಕೂರಲು ಸೊಂಟಕ್ಕೆ ಕಟ್ಟಿಕೊಳ್ಳುವ ಬಟ್ಟೆಯ ಜೀನೂ ಬಂತು. ಇವುಗಳಿಂದ ತೂಕ ಇಳಿಯಿತು, ಎಟುಕುವ ಮರಗಳು ಹೆಚ್ಚಾದವು. ಅಪಾಯ ಮಾತ್ರ ಹೆಚ್ಚಾಗಿ ಹತ್ತುವ, ಇಳಿಯುವ, ಮೆಟ್ಟಿಲಿನಿಂದ ಆಸನಕ್ಕೆ ಕಾಲಿಡುವ ಗಳಿಗೆಗಳಲ್ಲಿ ಉಳಿಯಿತು. ಆದ್ದರಿಂದ ನನ್ನ ವಾದವಿಷ್ಟೇ: ಆಯ್ಕೆ ಬೀಳದಂತೆ ಕಾಯುವ ಹಗ್ಗದಿಂದ ಆರಂಭವಾಗಬೇಕು, ಆಸನ ಆಮೇಲೆ. ಅಂಗಡಿಯವರು ಇದನ್ನು ತಲೆಕೆಳಗಾಗಿ ಮಾರುತ್ತಾರೆ; ಮೆತ್ತನೆಯ ಆಸನ ಬೇಗ ಮಾರಾಟವಾಗುತ್ತದಲ್ಲ.

ಸೊಂಟಪಟ್ಟಿಯೊಂದು ಸಾಲದೇ ಎಂಬ ಪ್ರಶ್ನೆ ಬರುತ್ತದೆ. ಬಹುಕಾಲ ಬೇಟೆಗಾರರು ಅದನ್ನೇ ನಂಬಿದ್ದರು. ಬೀಳುವ ದೇಹವನ್ನು ಪಟ್ಟಿ ತಡೆಯುತ್ತದೆ ನಿಜ, ಆದರೆ ಆ ಎಳೆತವೆಲ್ಲ ಹೊಟ್ಟೆಯ ಮೇಲೆ ಬೀಳುತ್ತದೆ, ಮನುಷ್ಯ ತಲೆಕೆಳಗಾಗುವುದೂ ಉಂಟು. ಅಮೆರಿಕದ ಕಾರ್ಮಿಕ ಸುರಕ್ಷತಾ ನಿಯಮಗಳು 1998ರ ಜನವರಿ 1ರಿಂದ ಬೀಳುವಿಕೆ ತಡೆಯಲು ಸೊಂಟಪಟ್ಟಿಯ ಬಳಕೆಯನ್ನು ನಿಷೇಧಿಸಿದವು. ಇಡೀ ಮೈಗೆ ತೊಡುವ ಪಟ್ಟಿ, ಮರದ ಮೇಲಿಂದ ನೆಲದವರೆಗೆ ಇಳಿಬಿಟ್ಟ ಹಗ್ಗ, ಅದರ ಮೇಲೆ ಕೈಯಿಂದ ಸರಿಯುವ, ಎಳೆದರೆ ಬಿಗಿಯುವ ಪ್ರೂಸಿಕ್ ಗಂಟು: ಹತ್ತುವಾಗ ನೆಚ್ಚಿಕೊಳ್ಳಬೇಕಾದದ್ದು ಇವನ್ನು. ಆಸ್ಟ್ರಿಯಾದ ಪರ್ವತಾರೋಹಿ ಕಾರ್ಲ್ ಪ್ರೂಸಿಕ್ ಈ ಗಂಟನ್ನು 1931ರಲ್ಲಿ ಬೆಳಕಿಗೆ ತಂದ. ಜೀನಿನಲ್ಲಿ ಹೇಗೂ ಹಗ್ಗವಿದೆಯಲ್ಲ ಎಂದು ಇನ್ನೊಬ್ಬರು ಕೇಳಬಹುದು. ಅದು ಅರ್ಧಸತ್ಯ. ಆ ಹಗ್ಗ ಸದಾ ಬಿಗಿಯಾಗಿರಬೇಕು. ಸಡಿಲಬಿಟ್ಟು ಬಿದ್ದರೆ ಹಿಗ್ಗದ ಹಗ್ಗದ ಹೊಡೆತ ಮೈಗೇ ತಟ್ಟುತ್ತದೆ. ಕೊಂಬೆ ದಾಟುವಾಗ ಆ ಹಗ್ಗವನ್ನು ಬಿಚ್ಚುವ ಮೊದಲು ಇನ್ನೊಂದು ಹಗ್ಗ ಮೇಲೆ ಬಿಗಿದಿರಬೇಕು. ಮೈಪಟ್ಟಿ ತೊಟ್ಟವನೂ ನೇತಾಡುತ್ತ ಉಳಿದರೆ ಕಾಲಿನ ರಕ್ತ ಮೇಲೇರದೆ ಕುಸಿಯಬಹುದು. ಅದಕ್ಕೇ ಪಾದ ಊರಿ ನಿಲ್ಲಲು ಒಂದು ಕುಣಿಕೆ ಜೇಬಿನಲ್ಲಿರಬೇಕು.