ಮಗು ಯಾರಿಗೆ ಹೇಳಬೇಕು?

(ಸುವರ್ಣ ಮಹೋತ್ಸವದ ಸಮಾರಂಭದಲ್ಲಿ ಹಳೆಯ ವಿದ್ಯಾರ್ಥಿನಿಯೊಬ್ಬರು ಮಾಡಿದ ಭಾಷಣ)



ಸಂಭ್ರಮದ ದಿನ ಮಕ್ಕಳ ಮೇಲಿನ ದೌರ್ಜನ್ಯದ ಮಾತು ಯಾಕೆ ಎಂದು ಕೆಲವರಿಗೆ ಅನಿಸಬಹುದು. ಇಡೀ ಊರು ಒಂದೆಡೆ ಸೇರುವುದು ಇಂಥ ದಿನವೇ. ಅದಕ್ಕೇ ಹೇಳುತ್ತಿದ್ದೇನೆ.

ಈ ಶಾಲೆಯಲ್ಲಿ ಓದಿದ ನಾನು ಮುಂದೆ ಶಿಕ್ಷಕಿಯಾದೆ. ಕೆಲಸಕ್ಕೆ ಸೇರಿದ ಹೊಸದರಲ್ಲಿ, ಬೇರೊಂದು ಊರಿನಲ್ಲಿ, ಎಂಟನೇ ತರಗತಿಯ ಜಾಣ ಹುಡುಗಿಯೊಬ್ಬಳು ಇದ್ದಕ್ಕಿದ್ದಂತೆ ಮಂಕಾದಳು. ಸಂಜೆ ಗಂಟೆ ಹೊಡೆದ ಮೇಲೂ ಮನೆಗೆ ಹೋಗದೆ ಕಟ್ಟೆಯ ಮೇಲೆ ಕೂತಿರುತ್ತಿದ್ದಳು. ಹೋಮ್‌ವರ್ಕ್ ಮಾಡಿಲ್ಲವೆಂದು ಬೈದೆನೇ ಹೊರತು, 'ಮನೆಗೆ ಯಾಕಮ್ಮ ಹೋಗಲ್ಲ?' ಎಂದು ನಾನು ಕೇಳಲಿಲ್ಲ. ಕಾರಣ ತಿಳಿದದ್ದು ಅವಳು ಓದನ್ನೇ ಬಿಟ್ಟ ಮೇಲೆ. ಕಿರುಕುಳ ಕೊಡುತ್ತಿದ್ದವನು ಮನೆಯವರೆಲ್ಲ ನಂಬಿದ್ದ ಹತ್ತಿರದ ಸಂಬಂಧಿ.

ಅಪರಿಚಿತರಿಂದ ದೂರವಿರಿ ಎಂದು ನಾವು ಮಕ್ಕಳಿಗೆ ಹೇಳಿಕೊಡುತ್ತೇವೆ. ಅಷ್ಟೇ ಸಾಲದು. ಕೇಂದ್ರ ಸರ್ಕಾರ 2007ರಲ್ಲಿ ಪ್ರಕಟಿಸಿದ 13 ರಾಜ್ಯಗಳ ಅಧ್ಯಯನದಲ್ಲಿ, ಅರ್ಧಕ್ಕಿಂತ ಹೆಚ್ಚು ಮಕ್ಕಳು ಯಾವುದಾದರೊಂದು ಬಗೆಯ ಲೈಂಗಿಕ ಕಿರುಕುಳ ಅನುಭವಿಸಿದ್ದಾಗಿ ಹೇಳಿದರು. ಅವರಲ್ಲಿ ಗಂಡುಮಕ್ಕಳೂ ಇದ್ದರು. ಕಿರುಕುಳ ಕೊಟ್ಟವರಲ್ಲಿ ಸುಮಾರು ಅರ್ಧದಷ್ಟು ಮಂದಿ ಮಗುವಿಗೆ ಗೊತ್ತಿದ್ದವರೇ. ಬಹುಪಾಲು ಮಕ್ಕಳು ಅದನ್ನು ಯಾರಿಗೂ ಹೇಳಿರಲಿಲ್ಲ.

ಯಾವ ಮಗುವಿಗೆ ಅಪಾಯ ಹೆಚ್ಚು? ತಂದೆತಾಯಿ ಗುಳೆ ಹೋದಾಗ ಊರಲ್ಲಿ ಉಳಿದ ಮಗು. ಕುಡಿತ, ಹೊಡೆದಾಟವಿರುವ ಮನೆಯ ಮಗು. ಶಾಲೆ ಬಿಟ್ಟು ದುಡಿಯುವ ಮಗು. ಮಾತು ಬಾರದ ಅಥವಾ ಅಂಗವೈಕಲ್ಯವಿರುವ ಮಗು. ಫೋನಿನಲ್ಲಿ ಯಾರ ಜೊತೆ ಮಾತಾಡುತ್ತಿದೆ ಎಂದು ಮನೆಯವರಿಗೆ ಗೊತ್ತಿಲ್ಲದ ಮಗು. 'ದೊಡ್ಡವರಿಗೆ ಎದುರು ಹೇಳಬಾರದು' ಎಂಬುದನ್ನಷ್ಟೇ ಕಲಿತ ಮಗು. ಕಷ್ಟ ಹೇಳಿಕೊಳ್ಳಲು ಈ ಮಕ್ಕಳಿಗೆ ಎಷ್ಟೋ ಸಲ ಯಾರೂ ಇರುವುದಿಲ್ಲ. ಕೇಡು ಬಗೆಯುವವನು ನೋಡುವುದು ಅದನ್ನೇ.

ಹಾಗೆಂದು ಬಡವರ ಮನೆ, ಗುಳೆ ಹೋದವರ ಮನೆ ಎಂದು ಯಾರ ಕಡೆಗೂ ಬೊಟ್ಟು ಮಾಡಬೇಡಿ. ಅವರಲ್ಲಿ ಬಹಳಷ್ಟು ಜನ ಹೊಟ್ಟೆಬಟ್ಟೆ ಕಟ್ಟಿ ಮಕ್ಕಳನ್ನು ಸಾಕುತ್ತಾರೆ. ಉಳ್ಳವರ ಮನೆಯಲ್ಲೂ ಇದು ನಡೆಯುತ್ತದೆ, ಮರ್ಯಾದೆಯ ಹೆಸರಲ್ಲಿ ಮುಚ್ಚಿಹೋಗುತ್ತದೆ. ತಪ್ಪು ಮಗುವಿನ ಬಟ್ಟೆಯದಲ್ಲ, ನಡತೆಯದಲ್ಲ, ಮಾಡಿದವರದು.

ಮಗು ಇದ್ದಕ್ಕಿದ್ದಂತೆ ಮೌನವಾದರೆ, ಒಬ್ಬರನ್ನು ಕಂಡರೆ ಹೆದರಿದರೆ, ಮನೆಗೆ ಹೋಗಲು ಅಂಜಿದರೆ, ಬೈಯುವ ಮೊದಲು ಕೇಳಿ. ಹೇಳಿದಾಗ ನಂಬಿ. ಮಕ್ಕಳ ಸಹಾಯವಾಣಿ 1098 ಹಗಲು ರಾತ್ರಿ ಸಿಗುತ್ತದೆ, ಕರೆಗೆ ದುಡ್ಡಿಲ್ಲ. 2012ರ ಪೋಕ್ಸೊ ಕಾಯ್ದೆಯಂತೆ ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯ ಗೊತ್ತಿದ್ದೂ ಪೊಲೀಸರಿಗೆ ತಿಳಿಸದಿರುವುದು ಅಪರಾಧ. ಹಿರಿಯರು ಕೂತು ರಾಜಿ ಮಾಡಿ ಮುಗಿಸುವ ವಿಷಯ ಇದಲ್ಲ. ಮಕ್ಕಳ ಗ್ರಾಮಸಭೆಯನ್ನೂ ಕಾಟಾಚಾರಕ್ಕೆ ಮಾಡದೆ, ಅಲ್ಲಿ ಮಕ್ಕಳ ಮಾತು ಕೇಳೋಣ.

ಮಕ್ಕಳೇ, ನೀವು ಹೇಳಿದ್ದನ್ನು ಮೊದಲನೆಯವರು ನಂಬದಿದ್ದರೆ ಇನ್ನೊಬ್ಬರಿಗೆ ಹೇಳಿ. ನಂಬುವವರು ಸಿಗುವ ತನಕ ಹೇಳಿ.

ನಮ್ಮ ಶಾಲೆಯ ಮುಂದೆಯೂ ಒಂದು ಕಟ್ಟೆಯಿದೆ. ಗಂಟೆ ಹೊಡೆದ ಮೇಲೂ ಅಲ್ಲಿ ಒಂದು ಮಗು ಒಂಟಿಯಾಗಿ ಕೂತಿದ್ದರೆ, ನನ್ನ ಹಾಗೆ ದಾಟಿ ಹೋಗಬೇಡಿ. ಪಕ್ಕದಲ್ಲಿ ಕೂತು ಮಾತಾಡಿಸಿ.